ಜಪಾನಿಗೆ ನಾಲ್ಕು ಹೆಜ್ಜೆ

ಮಂಗಳವಾರ ಸಂಜೆ ಆರೂಕಾಲಕ್ಕೆ, ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದ ಗೋಂದು ಹೇಳಿದ ಮಾತು ಇಷ್ಟೇ:

"ಯಾವ ದೇಶಕ್ಕೆ ಹೋಗ್ತೀಯ ಅಂತ ಶುಕ್ರವಾರದೊಳಗೆ ಹೇಳ್ಬೇಕಂತೆ. ಇಟಲಿ, ಜಪಾನ್, ಚಿಲಿ. ಮೂರರಲ್ಲಿ ಒಂದು. ನಂಗೆ ತಲೆ ಕೆಟ್ಟುಹೋಗಿದೆ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳಾಗಿದ್ದರೆ ಬೀದಿಯವರು ಅನುಮಾನಪಡುತ್ತಿದ್ದರು, ನಾಲ್ಕು ಪ್ರಶ್ನೆ ಕೇಳುತ್ತಿದ್ದರು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ನಿಜ ಸಂಗತಿ ಹೀಗಿತ್ತು. ಇಪ್ಪತ್ತಾರು ವರ್ಷದ ಗೋಂದು ಶಾಲೆಗಳಿಗೆ ಗ್ಲೋಬ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಹೆಸರೂ ಅಲ್ಲಿಯದೇ. ಅವನ ಕೈ ಕುಲುಕಿದವರು ಸುಲಭವಾಗಿ ಬಿಡಿಸಿಕೊಳ್ಳಲಾರರು. ಅಲ್ಲಿ ರಟ್ಟಿನ ಚೆಂಡಿನ ಮೇಲೆ ನಕ್ಷೆಯನ್ನು ಹನ್ನೆರಡು ಪಟ್ಟಿಗಳಾಗಿ ಅಂಟಿಸುತ್ತಾರೆ. ಪಟ್ಟಿ ಕಿತ್ತಳೆ ತೊಳೆಯ ಆಕಾರದ್ದು, ನಡುವೆ ಅಗಲ, ಎರಡೂ ತುದಿ ಚೂಪು. ಆರು ಮೇಜುಗಳನ್ನು ಗುಂಡಗೆ ಹಾಕಿದ್ದಾರೆ. ಒಂದೊಂದು ಮೇಜಿನವರದು ಎರಡೆರಡು ಪಟ್ಟಿ. ಚೆಂಡು ಕೈಯಿಂದ ಕೈಗೆ ಒಂದು ಸುತ್ತು ಬಂದರೆ ಭೂಮಿ ಸಿದ್ಧ. ಮೇಜುಗಳಿಗೆ ನಂಬರ್ ಇಲ್ಲ. ತನ್ನ ಎರಡು ಪಟ್ಟಿಯಲ್ಲಿ ಯಾವ ದೇಶ ಹೆಚ್ಚು ಕಾಟ ಕೊಡುತ್ತದೋ ಅದರ ಹೆಸರೇ ಮೇಜಿಗೆ. ಹೀಗಾಗಿ ಅಲ್ಲಿ ಇಟಲಿ ಇದೆ, ಜಪಾನ್ ಇದೆ, ಚಿಲಿ ಇದೆ, ಬ್ರೆಜಿಲ್ ಇದೆ. ಬ್ರೆಜಿಲ್ ದೇಶದ ಒಂದು ಭಾಗ ಪಕ್ಕದ ಚಿಲಿಯ ಮೇಜಿಗೆ ಹೋಗಿರುವುದರಿಂದ, ಗಡಿ ಕೂಡದೆ, ಆ ಎರಡು ಮೇಜಿನವರ ನಡುವೆ ವಾರಕ್ಕೊಮ್ಮೆಯಾದರೂ ಮಾತು ನಿಲ್ಲುತ್ತದೆ.

ಗೋಂದುವಿನ ಮೇಜಿನ ಹೆಸರು ನೀರು. ಪೆಸಿಫಿಕ್ ಸಾಗರದ ಆ ಎರಡು ಪಟ್ಟಿಗಳಲ್ಲಿ ಮೇಲ್ತುದಿಯ ಒಂದಿಷ್ಟು ನೆಲ, ನೊಣ ಕೂತಂಥ ಕೆಲವು ದ್ವೀಪ ಬಿಟ್ಟರೆ ಉಳಿದದ್ದೆಲ್ಲ ನೀಲಿ. ಹೊಸಬರನ್ನು ಮೊದಲು ನೀರಿಗೆ ಹಾಕಿ, ಆರು ತಿಂಗಳ ಮೇಲೆ ನೆಲಕ್ಕೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಗೋಂದುವನ್ನು ನೀರಿಗೆ ಹಾಕಿ ಆರು ವರ್ಷವಾಗಿತ್ತು. ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಆ ಮಂಗಳವಾರ ಮೇಸ್ತ್ರಿಯೇ ಕರೆದು ಹೇಳಿದ್ದರು:

"ಮೂರು ಮೇಜಲ್ಲಿ ಜಾಗ ಖಾಲಿ ಇದೆ. ಯಾವ ದೇಶಕ್ಕೆ ಹೋಗ್ತೀಯ ಶುಕ್ರವಾರ ಸಂಜೆ ಐದರೊಳಗೆ ಹೇಳು. ಹೇಳ್ದೆ ಇದ್ರೆ ಹೊರಗಿನವರನ್ನ ತಗೊಂಡು ತುಂಬಿಸಿಬಿಡ್ತೀನಿ. ಆಮೇಲೆ ನೀನು ರಿಟೈರ್ ಆಗೋವರೆಗೂ ನೀರಲ್ಲೇ ಇರು."

ವಿಷಯಕ್ಕೆ ಪೀಠಿಕೆ ಹಾಕುವ ಅಭ್ಯಾಸ ಗೋಂದುವಿಗೆ ಇರಲಿಲ್ಲ. ಕುರ್ಚಿಯಲ್ಲಿ ಕೂತವನು ನೇರವಾಗಿ ದೇಶಗಳಿಗೇ ಬಂದಿದ್ದ.

ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ.

"ಜಪಾನ್ ಹೇಗಿದೆಯಂತೆ?"

"ಜನ ಕಮ್ಮಿ. ಇಬ್ಬರೇ ಇರೋದು."

"ಇಬ್ಬರೇನಾ?"

"ನಮ್ಮೋರು ಇಬ್ಬರೇ ಅಂತ ಹೇಳ್ತಿರೋದು ಕಣಯ್ಯಾ," ಎಂದು ಬೆಂಚಿನ ಮೇಲಿದ್ದ ಟೈಲರ್ ಪೇಪರ್ ಇಳಿಸಿ ತಿದ್ದಿದರು.

"ಗಲಾಟೆ ಇಲ್ಲ," ಗೋಂದು ಮುಂದುವರಿಸಿದ. "ಆದ್ರೆ ಎಲ್ಲ ಸಣ್ಣ ಸಣ್ಣ ಚೂರು. ಸ್ವಲ್ಪ ಅಲುಗಾಡಿದ್ರೂ ಬಿರುಕು ಬಿಡುತ್ತೆ."

"ಭೂಕಂಪ," ಎಂದರು ಟೈಲರ್.

"ಇಟಲಿ?" ಕ್ಷೌರಿಕ ಕೇಳಿದ.

"ಅಲ್ಲಿ ದಿನಾ ಜಗಳ. ಕತ್ತರಿ ತಗೊಂಡ್ರೆ ವಾಪಸ್ ಕೊಡಲ್ಲ. ಆಮೇಲೆ ಒದ್ದೆ ಜಾಸ್ತಿ ಆದ್ರೆ ಕಾಲು ಉದ್ದ ಆಗಿಬಿಡುತ್ತೆ."

"ಯಾರ ಕಾಲು?"

"ಇಟಲೀದು."

ಕ್ಷೌರಿಕ ಕತ್ತಿಯ ನೊರೆ ಒರೆಸಿದ. ವಿದೇಶದ ವಿಷಯ ಎಲ್ಲವೂ ತನಗೆ ಅರ್ಥವಾಗಬೇಕೆಂದು ಬಯಸುವವನಲ್ಲ ಅವನು.

"ಚಿಲಿ?"

"ಸೆಕೆ ಅಂದ್ರೆ ಸೆಕೆ. ಒಲೆ ಪಕ್ಕಾನೇ ಕೂರ್ಬೇಕು."

ಉಳಿದರ್ಧ ಮುಖದ ಕ್ಷೌರವನ್ನು ಅಂದು ಅತ್ಯಂತ ಗೌರವದಿಂದ ಮಾಡಲಾಯಿತು.

*

ತಾನು ವಿದೇಶಕ್ಕೆ ಹೋಗುತ್ತಿರುವ ವಿಷಯ ಗೋಂದುವಿಗೆ ತಿಳಿದದ್ದು ಬುಧವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ.

ಅವನ ಅಪ್ಪ ಮೂವತ್ತೊಂದು ವರ್ಷ ಮನೆ ಮನೆಯ ನೀರಿನ ಮೀಟರ್ ಓದಿ ನಿವೃತ್ತರಾದವರು. ಗೋಂದು ಕಾಲೇಜನ್ನು ಅರ್ಧಕ್ಕೆ ಬಿಟ್ಟ ದಿನ ಮಗನೊಂದಿಗೆ ನೇರ ಮಾತು ನಿಲ್ಲಿಸಿದ್ದರು. ಅದಾಗಿ ಏಳು ವರ್ಷ. ಸಿಟ್ಟೇನೂ ಉಳಿದಿರಲಿಲ್ಲ; ಪದ್ಧತಿ ಮಾತ್ರ ಉಳಿದಿತ್ತು. ಇಬ್ಬರೂ ಎರಡು ಅಡಿ ದೂರದಲ್ಲಿ ಕೂತಿದ್ದರೂ ಅಪ್ಪ ಅಡುಗೆಮನೆಯ ಕಡೆ ಮುಖ ಮಾಡಿ "ಅವನಿಗೆ ಹೇಳು, ಸೈಕಲ್ ಒಳಗಿಡ್ಲಿ" ಎನ್ನುತ್ತಿದ್ದರು. ಅಮ್ಮ ಒಳಗಿನಿಂದ "ಸೈಕಲ್ ಒಳಗಿಡ್ಬೇಕಂತೆ ಕಣೋ" ಎನ್ನುತ್ತಿದ್ದಳು. ಗೋಂದು ಸೈಕಲ್ ಒಳಗಿಡುತ್ತಿದ್ದ. ಈ ವ್ಯವಸ್ಥೆಯಲ್ಲಿ ಯಾರಿಗೂ ದೂರಿರಲಿಲ್ಲ, ಅಮ್ಮನೊಬ್ಬಳ ಹೊರತು. ಅವಳನ್ನು ಯಾರೂ ಕೇಳಿರಲಿಲ್ಲ.

ಬುಧವಾರ ಅಪ್ಪ ಅಡುಗೆಮನೆಯ ಕಡೆ ತಿರುಗಲಿಲ್ಲ.

"ಏನೋ, ಯಾವ ದೇಶ ಅಂತ ಯೋಚ್ನೆ ಮಾಡಿದ್ದೀಯಾ?"

ಗೋಂದು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

"ಇನ್ನೂ ಇಲ್ಲಪ್ಪಾ."

"ಅವಸರ ಮಾಡ್ಬೇಡ. ಅಷ್ಟು ದೂರ ಹೋಗೋದು."

ದೂರ ಎಂಬ ಶಬ್ದಕ್ಕೆ ಗೋಂದುವಿನ ಕೈಯಲ್ಲಿದ್ದ ಲೋಟ ನಿಂತಿತು. ಜಪಾನ್ ಅವನ ಪಕ್ಕದ ಮೇಜು. ಅಷ್ಟರಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು, ಟೇಪು ಹಿಡಿದು ಅವನ ಎದೆಯ ಅಳತೆ ತೆಗೆಯತೊಡಗಿದಳು.

"ಮೂರರಲ್ಲಿ ಯಾವ ದೇಶದಲ್ಲಿ ಚಳಿ ಅಂತ ಈಗ್ಲೇ ಹೇಳ್ಬಿಡು ಮಗಾ, ಸ್ವೆಟರ್ ಹಾಕೋಕೆ ನಂಗೆ ಒಂದು ತಿಂಗಳಾದ್ರೂ ಬೇಕು."

ಏಳು ಇಪ್ಪತ್ತಕ್ಕೆ ಗೋಂದು ನಿಜ ಹೇಳಲು ಬಾಯಿ ತೆರೆದ. ಆಗ ಅಪ್ಪ, "ಕೂತ್ಕೋ. ಚಹಾ ಕುಡಿ," ಎಂದರು. ಏಳು ವರ್ಷದಲ್ಲಿ ಅಪ್ಪ ಅವನಿಗೆ ನೇರವಾಗಿ ಹೇಳಿದ ವಾಕ್ಯಗಳು ಒಟ್ಟು ಐದು. ಐದೂ ಆ ಹತ್ತು ನಿಮಿಷದಲ್ಲಿ. ಆರನೆಯದನ್ನು ಕೇಳುವ ಆಸೆಗೆ ಗೋಂದು ಬಾಯಿ ಮುಚ್ಚಿ ಚಹಾ ಕುಡಿದ. ಸಂಜೆ ಹೇಳಿದರಾಯಿತು ಎಂದುಕೊಂಡ.

ಸಂಜೆ ಮಾವ ಬಂದರು.

ಅಮ್ಮನ ತಮ್ಮನಾದ ಇವರನ್ನು ಬಂಧುಗಳೆಲ್ಲ ಪಾಸ್‌ಪೋರ್ಟ್ ಮಾವ ಎಂದೇ ಕರೆಯುವುದು. ಇಡೀ ಬಳಗದಲ್ಲಿ ಪಾಸ್‌ಪೋರ್ಟ್ ಇರುವುದು ಇವರೊಬ್ಬರಿಗೇ. ಅದನ್ನು ಎರಡು ಸಲ ನವೀಕರಿಸಿದ್ದಾರೆ. ಎಲ್ಲಿಗೂ ಹೋಗಿಲ್ಲ. ಪುಟಗಳು ಇನ್ನೂ ಶುಭ್ರವಾಗಿವೆ.

"ಕಂಪನಿಯವರು ಯಾಕೆ ಕಳಿಸ್ತಿದಾರೆ ಅಂತ ನಂಗೆ ಕೇಳಿ ಭಾವ," ಎಂದು, ಯಾರೂ ಕೇಳದಿದ್ದರೂ, ಮಾವ ವಿವರಿಸಿದರು. "ದೇಶ ಕಣ್ಣಲ್ಲಿ ನೋಡದೆ ದೇಶ ಅಂಟಿಸೋಕಾಗುತ್ತಾ? ಇವನು ಹೋಗಿ ನೋಡ್ಕೊಂಡು, ಅಳತೆ ಗಿಳತೆ ತಗೊಂಡು ಬರ್ಬೇಕು. ದೊಡ್ಡ ದೊಡ್ಡ ಕಂಪನಿಗಳೆಲ್ಲ ಹಾಗೇ ಮಾಡೋದು."

"ಮಾವ, ಅದು ಹಾಗಲ್ಲ—"

"ಹಾಗಲ್ಲ ಅಂದ್ರೆ ಅಲ್ಲೇ ಇಟ್ಕೋತಾರಾ? ಇನ್ನೂ ಒಳ್ಳೇದಾಯ್ತು! ಅಕ್ಕಾ, ಕೇಳಿಸ್ಕೊಂಡ್ಯಾ? ಅಲ್ಲೇ ಇಟ್ಕೋತಾರಂತೆ!"

ಅಮ್ಮ ಒಳಗೆ ಮತ್ತೊಮ್ಮೆ ಅತ್ತಳು. ಗೋಂದು ಹೇಳಬೇಕೆಂದಿದ್ದದ್ದು ಅಂದಿಗೆ ಅಲ್ಲಿಗೇ ನಿಂತಿತು.

*

ಗುರುವಾರದ ಹೊತ್ತಿಗೆ ವಿಷಯ ಮತದಾನಕ್ಕೆ ಬಂದಿತ್ತು. ಕ್ಷೌರಿಕ ಕನ್ನಡಿಯ ಮೂಲೆಯಲ್ಲಿ ಸೋಪಿನಿಂದ ಮೂರು ದೇಶ ಬರೆದು ಕೆಳಗೆ ಗೀಟು ಎಳೆಯುತ್ತಿದ್ದ. ಟೈಲರ್ ಕತ್ತರಿಗಾಗಿ ಇಟಲಿಗೆ ವೋಟು ಹಾಕಿದರು. ಮಹಡಿಯ ಮೇಲಿನ ಮನೆ ಮಾಲೀಕರು ಜಪಾನ್ ಎಂದರು. ಅವರ ಗೋಡೆ ಗಡಿಯಾರ ನಿಂತು ಒಂದು ವರ್ಷವಾಗಿತ್ತು. ಅವರು ಗೋಂದುವನ್ನು ಮೆಟ್ಟಿಲ ಮೇಲೆ ತಡೆದು, "ನೋಡಪ್ಪಾ, ಬಲವಂತ ಏನಿಲ್ಲ. ದೇಶ ನಿಂದು, ಇಷ್ಟ ನಿಂದು. ಆದ್ರೆ ಗಡಿಯಾರ ತರೋನು ಚಿಲಿಗೆ ಹೋಗಿ ಏನ್ಮಾಡ್ತಾನೆ, ನೀನೇ ಹೇಳು," ಎಂದರು. ಮಧ್ಯಾಹ್ನದವರೆಗಿನ ಲೆಕ್ಕ: ಜಪಾನ್ ಹನ್ನೊಂದು, ಇಟಲಿ ಒಂಬತ್ತು, ಚಿಲಿ ಒಂದು. ಆ ಒಂದು ಕ್ಷೌರಿಕನದೇ. ಚಿಲಿಗೂ ಯಾರಾದರೂ ಬೇಕಲ್ಲ ಎಂಬುದು ಅವನ ವಾದ.

ಕಾರ್ಖಾನೆಯಲ್ಲಿ ಮೇಸ್ತ್ರಿ ಕೇಳಿದರು, "ಏನಾಯ್ತೋ ನಿನ್ನ ದೇಶ?"

"ಮನೇಲಿ ಇನ್ನೂ ಮಾತುಕತೆ ನಡೀತಿದೆ ಸಾರ್."

"ಮೇಜು ಬದಲಾಯಿಸೋಕೆ ಮನೇಲಿ ಮಾತುಕತೆಯಾ?"

"ಬೀದೀಲೂ ನಡೀತಿದೆ."

ಮೇಸ್ತ್ರಿ ಅವನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಆದರೂ ಊಟದ ವೇಳೆಯಿಂದ ಅರ್ಧ ದಿನದ ರಜೆ ಕೊಟ್ಟು, "ನಾಳೆ ಐದು ಗಂಟೆ, ನೆನಪಿರ್ಲಿ," ಎಂದು ಕಳಿಸಿದರು. ಊಟದ ಬಿಡುವಿನಲ್ಲೇ ಅವನನ್ನು ಪಾಸ್‌ಪೋರ್ಟ್ ಕಚೇರಿಗೆ ಕರೆದೊಯ್ಯಲೆಂದು ಕಾರ್ಖಾನೆಯ ಗೇಟಿನ ಹೊರಗೆ ಪಾಸ್‌ಪೋರ್ಟ್ ಮಾವ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಪಾಸ್‌ಪೋರ್ಟ್ ಕಚೇರಿಗೆ ಹೋಗಲು ಗೋಂದು ಒಪ್ಪಿದ್ದಕ್ಕೆ ಒಂದೇ ಕಾರಣ. ಬೆಳಗ್ಗೆ ಅಪ್ಪ ಹಳೆಯ ದಾಖಲೆಗಳನ್ನೆಲ್ಲ ಜೋಡಿಸಿ ಲಕೋಟೆಗೆ ಹಾಕಿ, ಅವನ ಕೈಗೇ ಕೊಟ್ಟು, "ಮಡಚಬೇಡ," ಎಂದಿದ್ದರು.

ಕಿಟಕಿಯ ಹಿಂದಿನ ಗುಮಾಸ್ತರು ಅರ್ಜಿ ನೋಡಿದರು.

"ಇದ್ರಲ್ಲಿ ಯಾವ ದೇಶ ಅಂತ ಬರೆಯೋಕೆ ಜಾಗಾನೇ ಬಿಟ್ಟಿಲ್ವಲ್ಲ?" ಎಂದು ಮಾವ ಆಕ್ಷೇಪಿಸಿದರು.

"ನಾವು ಪಾಸ್‌ಪೋರ್ಟ್ ಕೊಡ್ತೀವಿ ಅಷ್ಟೇ. ಎಲ್ಲಿಗೆ ಬೇಕಾದ್ರೂ ಹೋಗಿ. ಹೋಗ್ದೇನೂ ಇರಬಹುದು."

ಮಾವ ಈ ಮಾತನ್ನು ವೈಯಕ್ತಿಕವಾಗಿ ತೆಗೆದುಕೊಂಡು ಬೆಂಚಿಗೆ ಹೋಗಿ ಕೂತರು.

"ಉದ್ಯೋಗದ ಜಾಗ ಖಾಲಿ ಬಿಟ್ಟಿದೀರಲ್ಲ," ಎಂದರು ಗುಮಾಸ್ತರು. "ಎಲ್ಲಿ ಕೆಲಸ?"

ಕಾರ್ಖಾನೆಯಲ್ಲಿ ಈ ಪ್ರಶ್ನೆಗೆ ಎಲ್ಲರೂ ಮೇಜಿನ ಹೆಸರನ್ನೇ ಹೇಳುತ್ತಾರೆ. ಗೋಂದುವೂ ಹೇಳಿದ.

"ನೀರು ಸಾರ್. ಪೆಸಿಫಿಕ್."

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಪೆಸಿಫಿಕ್ ಸಾಗರ?"

"ಹೌದು ಸಾರ್. ಆರು ವರ್ಷದಿಂದ."

"ಆರು ವರ್ಷದಿಂದ ದಡಕ್ಕೆ ಬಂದೇ ಇಲ್ವಾ?"

"ಇಲ್ಲ ಸಾರ್. ಈಗ ಬರೋಣ ಅಂತಾನೇ ಪ್ರಯತ್ನ ಮಾಡ್ತಿರೋದು."

"ಪಾಸ್‌ಪೋರ್ಟ್ ಇಲ್ದೆ ಹೇಗೆ ಹೋದ್ರಿ?"

"ಸೈಕಲ್ಲಲ್ಲಿ ಸಾರ್."

ಸಾಲಿನಲ್ಲಿ ಹಿಂದೆ ನಲವತ್ತು ಮಂದಿ ಇದ್ದರು. ಗುಮಾಸ್ತರು ನಿಟ್ಟುಸಿರು ಬಿಟ್ಟು ಉದ್ಯೋಗದ ಜಾಗದಲ್ಲಿ 'ಮೀನುಗಾರಿಕೆ' ಎಂದು ಬರೆದು ಠಸ್ಸೆ ಒತ್ತಿದರು.

*

ಅಂದು ಸಂಜೆ ಗೋಂದು ಮನೆಗೆ ಬಂದಾಗ ಅಪ್ಪ ನೆಲದ ಮೇಲೆ ಕೂತಿದ್ದರು. ಮುಂದೆ ಒಂದು ಗ್ಲೋಬ್. ಗುಜರಿ ಅಂಗಡಿಯಿಂದ ತಂದದ್ದು. ಕಾಲು ಮುರಿದಿತ್ತು, ಹಾಗಾಗಿ ಅದನ್ನು ಪಾತ್ರೆಯೊಂದರ ಮೇಲೆ ಕೂರಿಸಿದ್ದರು. ಅಪ್ಪನ ಕೈಯಲ್ಲಿ ಮೀಟರ್ ಓದಲು ಬಳಸುತ್ತಿದ್ದ ಭೂತಗನ್ನಡಿ.

"ಬಾ ಇಲ್ಲಿ," ಎಂದರು. "ನೀನು ಹೋಗೋ ಜಾಗ ಎಲ್ಲಿ ಬರುತ್ತೆ ನೋಡೋಣ ಅಂತ ತಂದೆ."

ಗೋಂದು ಕೂತ. ಅಪ್ಪ ಗೋಳವನ್ನು ಮೆಲ್ಲಗೆ ತಿರುಗಿಸಿದರು.

"ಇದನ್ನ ಮಾಡಿದವರು ಯಾರೋ, ನೆಲ ಎಲ್ಲ ಸುಕ್ಕು. ಇಟಲಿ ನೋಡು, ಹೆಂಗೆ ಎಳೆದುಬಿಟ್ಟಿದಾರೆ. ಜಪಾನಿಗೆ ಬಾಲಾನೇ ಇಲ್ಲ, ಮಡಚಿ ಒಳಗೆ ಹೋಗಿದೆ." ಮತ್ತೆ ತಿರುಗಿಸಿದರು. ಭೂತಗನ್ನಡಿ ನೀಲಿಯ ಮೇಲೆ ನಿಂತಿತು, ಬಹಳ ಹೊತ್ತು ನಿಂತಿತು. "ನೀರು ಮಾತ್ರ ಯಾರೋ ಕೆಲಸ ಗೊತ್ತಿರೋನು ಮಾಡಿದಾನೆ. ಪಟ್ಟಿ ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು, ಗೊತ್ತೇ ಆಗಲ್ಲ."

ಗ್ಲೋಬಿನ ತಳದಲ್ಲಿ ಕಾರ್ಖಾನೆಯ ಮುದ್ರೆಯೂ ನಾಲ್ಕು ವರ್ಷದ ಹಿಂದಿನ ಇಸವಿಯೂ ಇದ್ದವು. ಆ ವರ್ಷ ನೀರಿನ ಮೇಜಿನಲ್ಲಿ ಕೂತಿದ್ದವನು ಒಬ್ಬನೇ. ನಾನೇ ಅಪ್ಪಾ ಎನ್ನಲು ಎರಡು ಶಬ್ದ ಸಾಕಿತ್ತು. ಆದರೆ ಆ ಎರಡು ಶಬ್ದದ ಬೆನ್ನಿಗೇ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು: ಇಟಲಿ ಮೇಜು, ಜಪಾನ್ ಮೇಜು, ಎಲ್ಲಿಗೂ ಹೋಗುತ್ತಿಲ್ಲ. ಹೇಳಿದ ಮೇಲೆ ಅಪ್ಪ ಮತ್ತೆ ಅಡುಗೆಮನೆಯ ಕಡೆ ತಿರುಗುತ್ತಾರೆ.

"ಹೌದಪ್ಪಾ, ನೀರು ಚೆನ್ನಾಗಿದೆ," ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದುಹೋದ.

*

ಶುಕ್ರವಾರ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಕಾರ್ಖಾನೆಯ ಬಾಗಿಲಲ್ಲಿ ಪಾಸ್‌ಪೋರ್ಟ್ ಮಾವ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪಾಸ್‌ಪೋರ್ಟ್. ಹಿಂದೆ ಅಪ್ಪ. ನೀರಿನ ಮೇಜಿನಲ್ಲಿದ್ದ ಗೋಂದುವಿಗೆ ಇಬ್ಬರೂ ಕಂಡರು. ಕೈಯಲ್ಲಿದ್ದ ಪಟ್ಟಿ ಹಾಗೇ ಒಣಗತೊಡಗಿತು.

"ನಾನು ಹುಡುಗನ ಸೋದರಮಾವ," ಎಂದು ಮಾವ ಮೇಸ್ತ್ರಿಗೆ ಕೈ ಮುಗಿದರು. "ಮನೆಯವರೆಲ್ಲ ಕೂತು ಮಾತಾಡಿ, ಜಪಾನ್ ಅಂತ ತೀರ್ಮಾನ ಮಾಡಿದೀವಿ."

"ಹೌದಾ? ಇದನ್ನ ಹೇಳೋಕೆ ಇಬ್ಬರು ಹಿರಿಯರು ಬರ್ಬೇಕಿತ್ತಾ? ಸರಿ. ಸೋಮವಾರದಿಂದ ಜಪಾನ್."

"ಸೋಮವಾರ!" ಮಾವ ಅಪ್ಪನ ಕೈ ಹಿಡಿದುಕೊಂಡರು. "ಇಷ್ಟು ಬೇಗ ಟಿಕೆಟ್ ಸಿಗುತ್ತಾ?"

"ಟಿಕೆಟ್ ಯಾಕೆ? ನಡ್ಕೊಂಡು ಹೋಗ್ಲಿ."

"ಜಪಾನಿಗೆ?"

"ನಾಲ್ಕು ಹೆಜ್ಜೆ."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. ದೊಡ್ಡ ಕಂಪನಿಗಳ ಮಾತಿನ ರೀತಿಯೇ ಇದಿರಬೇಕು ಎಂದುಕೊಂಡು, ಮುಖ್ಯ ವಿಷಯಕ್ಕೆ ಬಂದರು.

"ಊಟದ ವ್ಯವಸ್ಥೆ?"

"ಮನೆಯಿಂದ ಡಬ್ಬಿ ತರ್ಲಿ."

"ಜಪಾನಿಗೆ ಮನೆಯಿಂದ ಡಬ್ಬಿಯಾ!"

"ಎಲ್ಲರೂ ತರ್ತಾರೆ ಸ್ವಾಮಿ. ಬ್ರೆಜಿಲ್‌ನವರೂ ತರ್ತಾರೆ."

"ಎಷ್ಟು ವರ್ಷ ಇರ್ಬೇಕಾಗುತ್ತೆ?"

"ಕಣ್ಣು ಕಾಣೋವರೆಗೂ. ಇದೇನು ಸ್ವಾಮಿ, ಮಗಳನ್ನ ಕೊಡೋರ ಥರ ಕೇಳ್ತಿದೀರಿ? ಬೇಕಾದ್ರೆ ನೋಡ್ಕೊಂಡೇ ಹೋಗಿ. ಅಗೋ, ಕನ್ನಡಕದ ಅಕ್ಕ ಕೂತಿದಾರಲ್ಲ, ಅದೇ ಜಪಾನ್."

ಕನ್ನಡಕದ ಅಕ್ಕ ಅಂಟು ಮೆತ್ತಿದ ಕೈ ಎತ್ತಿ ನಮಸ್ಕಾರ ಮಾಡಿದರು.

ಮಾವ ಜಪಾನನ್ನು ನೋಡಿದರು. ಅದರಾಚೆ ಇಟಲಿಯನ್ನು ನೋಡಿದರು. ಅಲ್ಲಿ ಇಬ್ಬರು ಒಂದು ಕತ್ತರಿಗಾಗಿ ವಾದಿಸುತ್ತಿದ್ದರು. ಒಣಗಿಸುವ ಒಲೆಯ ಪಕ್ಕ ಚಿಲಿಯವರು ಬೆವರೊರೆಸಿಕೊಳ್ಳುತ್ತಿದ್ದರು. ಮಾವನ ಕೈ ತಾನಾಗಿ ಜೇಬಿಗೆ ಹೋಗಿ ಪಾಸ್‌ಪೋರ್ಟನ್ನು ಮುಟ್ಟಿ ನೋಡಿತು. ಆ ಕೋಣೆಯಲ್ಲಿ ಅವರಿಗೆ ನಂಬಲು ಉಳಿದಿದ್ದದ್ದು ಅದೊಂದೇ.

"ಮೇಜು," ಎಂದರು ಕೊನೆಗೆ. "ಭಾವ, ಇವು ಮೇಜು!"

ಅಪ್ಪ ಆಗಲೇ ಗೋಂದುವಿನ ಮೇಜಿನ ಮುಂದೆ ಬಂದು ನಿಂತಿದ್ದರು. ಅಲ್ಲಿ ಅರ್ಧ ಮುಗಿದ ಚೆಂಡಿತ್ತು, ಅವರೆದುರಿಗಿದ್ದ ಬದಿ ಪೂರ್ತಿ ನೀಲಿ.

"ಇಲ್ಲಿ ಯಾರು ಕೂರೋದು?" ಎಂದು ಮೇಸ್ತ್ರಿಯನ್ನು ಕೇಳಿದರು.

"ಇವನೇ. ಆರು ವರ್ಷದಿಂದ ನೀರೆಲ್ಲ ಇವನದೇ. ಇಷ್ಟು ಚೆನ್ನಾಗಿ ಮಾಡ್ತಾನಲ್ಲ, ನೆಲಕ್ಕೆ ತಗೊಂಡ್ರೆ ನೀರು ಕೆಡುತ್ತೆ ಅಂತ ಇಷ್ಟು ದಿನ ನಾನೇ ಬಿಟ್ಟಿರ್ಲಿಲ್ಲ. ನನ್ನದೇ ತಪ್ಪು." ಮೇಸ್ತ್ರಿ ಗಡಿಯಾರ ನೋಡಿ ಗೋಂದುವಿನ ಕಡೆ ತಿರುಗಿದರು. "ಐದಕ್ಕೆ ಎರಡು ನಿಮಿಷ. ಮನೆಯವರ ತೀರ್ಮಾನ ಕೇಳ್ದೆ. ನೀನು ಹೇಳು. ಯಾವ ದೇಶ?"

ಆರು ಮೇಜಿನವರೂ ಕೆಲಸ ನಿಲ್ಲಿಸಿದ್ದರು. ಗೋಂದು ಅಪ್ಪನ ಮುಖ ನೋಡಿದ. ಅಪ್ಪ ಚೆಂಡನ್ನು ನೋಡುತ್ತಿದ್ದರು.

"ಜಪಾನ್," ಎಂದ. "ಬಾಲ ಸರಿ ಮಾಡ್ಬೇಕು."

*

ಮನೆಗೆ ಬರುವಷ್ಟರಲ್ಲಿ ಮಾವನ ಮೂಲಕ ಸುದ್ದಿ ಬೀದಿಗೆ ತಲುಪಿತ್ತು. ಕ್ಷೌರಿಕ ಕನ್ನಡಿ ಒರೆಸುತ್ತಿದ್ದ. ಟೈಲರ್, "ಇಬ್ಬರೇ ಅಂದಾಗ್ಲೇ ನಂಗೆ ಅನುಮಾನ ಇತ್ತು," ಎಂದರು. ಮನೆ ಮಾಲೀಕರು ಮೆಟ್ಟಿಲ ಮೇಲೆ ಸಿಕ್ಕಿ, "ಹಾಗಾದ್ರೆ ಗಡಿಯಾರ?" ಎಂದರು. ಗೋಂದು ಬಿಚ್ಚಿ ನೋಡುತ್ತೇನೆಂದು ಒಪ್ಪಿಕೊಂಡ.

ಊಟಕ್ಕೆ ಕೂತಾಗ ಅಪ್ಪ ಮಾತಾಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ ಅಡುಗೆಮನೆಯ ಕಡೆ ಮುಖ ತಿರುಗಿಸಿದರು.

"ಅವನಿಗೆ ಹೇಳು, ಸೈಕಲ್ ಒಳಗಿಡ್ಲಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಸ್ವೆಟರ್, ಎರಡು ದಿನದಲ್ಲಿ ಒಂದು ಗೇಣು ಮುಗಿದಿತ್ತು.

"ನಾನು ಹೇಳಲ್ಲ. ಬುಧವಾರದಿಂದ ನೀವೇ ಮಾತಾಡಿದ್ರಲ್ಲ, ನಾಲಗೆ ಏನೂ ಸವೆದಿಲ್ಲ. ನಂಗೆ ಅಭ್ಯಾಸ ತಪ್ಪಿಹೋಗಿದೆ. ಈ ಸ್ವೆಟರನ್ನಂತೂ ಬಿಚ್ಚಲ್ಲ, ಆ ಜಪಾನಲ್ಲಿ ಫ್ಯಾನ್ ಹಾಕಿದ್ರೆ ಚಳಿ ಆಗಬಹುದು," ಎಂದು ಹೇಳಿ ಒಳಗೆ ಹೋದಳು.

ಸೈಕಲ್ ಬೆಳಗಿನವರೆಗೂ ಹೊರಗೇ ಇತ್ತು. ಶನಿವಾರವೂ ಇತ್ತು. ಭಾನುವಾರ ಸಂಜೆ ಮಳೆ ಹನಿದಾಗ ಅಪ್ಪ ತಾವೇ ಎದ್ದು ಹೋಗಿ ಅದನ್ನು ಒಳಗೆ ತಂದರು. ಸೀಟು ಒರೆಸಿ, ಪಾತ್ರೆಯ ಮೇಲೆ ಕೂತಿದ್ದ ಗ್ಲೋಬನ್ನು ಸರಿಸಿ ಜಾಗ ಮಾಡಿ, ಗೋಡೆಗೆ ಒರಗಿಸಿದರು. ಗ್ಲೋಬ್ ತಿರುಗಿ ಕೋಣೆಯ ಕಡೆಗೆ ನೀಲಿಯಾಗಿ ನಿಂತಿತು. ಅಪ್ಪ ಅದನ್ನು ಮತ್ತೆ ತಿರುಗಿಸಲಿಲ್ಲ.

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಗೋಂದು ಚಪ್ಪಲಿ ಹುಡುಕುತ್ತಿದ್ದ. ಅಪ್ಪ ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಅಡುಗೆಮನೆಯಲ್ಲಿ ಅಮ್ಮ ಬೇಕೆಂದೇ ಸದ್ದು ಮಾಡದೆ ನಿಂತಿದ್ದಳು. ಪೇಪರ್ ಒಂದು ಪುಟ ತಿರುಗಿತು, ಇನ್ನೊಂದು ಪುಟ ತಿರುಗಿತು, ಆಮೇಲೆ ಸ್ವಲ್ಪ ಕೆಳಗಿಳಿಯಿತು.

"ಜಪಾನಿಗೆ ಹೊತ್ತಾಯ್ತು," ಎಂದರು ಅಪ್ಪ. "ಡಬ್ಬಿ ತಗೊಂಡ್ಯೇನೋ?"